ನಿಂತ ದಿನ ಯಾವುದು?

ವರ್ಷದ ಕೊನೆಗೆ ಗುರಿಗಳ ಪಟ್ಟಿ ತೆಗೆದು ಟಿಕ್ಕು, ಇಂಟು ಹಾಕುತ್ತ ಕೂರುವ ಚಟ ನನಗೆ ಮೊದಲಿನಿಂದಲೂ ಇದೆ. ಈ ಸಲ ಪಟ್ಟಿಯ ಪಕ್ಕದಲ್ಲಿ ಎರಡು ಕಾಲಂ ಹೆಚ್ಚಿಗೆ ಎಳೆದೆ: ಯಾವತ್ತು ಶುರುವಾಯಿತು, ಯಾವತ್ತು ನಿಂತಿತು. ಸುಮ್ಮನೆ ಕುತೂಹಲಕ್ಕೆ. ಶುರುವಾದ ದಿನಗಳು ಒಂದರ ಹಿಂದೊಂದು ಸಲೀಸಾಗಿ ಬಂದವು. ಜನವರಿ ಒಂದು, ಯಾವುದೋ ಸೋಮವಾರ, ನನ್ನ ಹುಟ್ಟುಹಬ್ಬದ ಮಾರನೇ ದಿನ, ಇನ್ಯಾವುದೋ ತಿಂಗಳ ಮೊದಲ ತಾರೀಕು. ಆವತ್ತು ಹವೆ ಹೇಗಿತ್ತು, ಯಾರಿಗೆಲ್ಲ ಹೇಳಿಕೊಂಡು ಓಡಾಡಿದ್ದೆ ಎಂಬುದೂ ನೆನಪಿದೆ. ಎರಡನೇ ಕಾಲಂ ಮಾತ್ರ ಹೆಚ್ಚುಕಡಿಮೆ ಖಾಲಿ ಉಳಿಯಿತು. ಮರೆತು ಹೋಗಿದೆ ಅಂತಲ್ಲ. ಕ್ಯಾಲೆಂಡರು, ಮೊಬೈಲಿನ ಫೋಟೋ, ಹಳೇ ಮೆಸೇಜು ಎಲ್ಲ ತಿರುವಿಹಾಕಿದರೂ ಅಂಥದೊಂದು ದಿನವೇ ಸಿಗುತ್ತಿಲ್ಲ. ಜನವರಿಯಲ್ಲಿ ಇದ್ದದ್ದು ಡಿಸೆಂಬರಿನಲ್ಲಿ ಇಲ್ಲ ಎಂಬುದಂತೂ ಖರೆ. ನಡುವೆ ಎಲ್ಲೋ ನಿಂತಿರಲೇಬೇಕು. ಎಲ್ಲಿ?

‘ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ’ ಎಂಬ ಗಾದೆಯನ್ನು ನಮ್ಮಲ್ಲಿ ಯಾರಾದರೂ ಹೊಸ ಉತ್ಸಾಹದಲ್ಲಿ ಕುಣಿಯುವಾಗೆಲ್ಲ ಎಸೆಯುತ್ತೇವೆ. ಆದರೆ ಆ ಗಾದೆಯೂ ಹೊಸದರ ಮಾತನ್ನಷ್ಟೇ ಆಡುತ್ತದೆ. ಅವನು ಅಷ್ಟೆತ್ತರಕ್ಕೆ ಎತ್ತುವುದನ್ನು ಯಾವತ್ತು ಬಿಟ್ಟ ಎಂದು ಅದು ಹೇಳುವುದಿಲ್ಲ. ಅವನಿಗೂ ಗೊತ್ತಿರಲಿಕ್ಕಿಲ್ಲ ಅಂತ ನನ್ನ ಗುಮಾನಿ.

ಶುರುವಿಗೆ ಸಾಕ್ಷಿಗಳಿರುತ್ತಾರೆ

ಶುರು ಮಾಡುವುದಕ್ಕೆ ದಿನ ನೋಡುವುದು ನನ್ನೊಬ್ಬಳ ಹುಚ್ಚಲ್ಲ ಎಂಬುದು ಸಮಾಧಾನದ ಸಂಗತಿ. ಹೆಂಗ್ಚೆನ್ ಡಾಯ್, ಕ್ಯಾಥರಿನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ ಎಂಬ ಮೂವರು ಸಂಶೋಧಕರು 2014ರಲ್ಲಿ ಇದನ್ನೇ ಅಂಕಿಅಂಶ ಹಿಡಿದು ತೋರಿಸಿದರು. ಗೂಗಲ್‌ನಲ್ಲಿ ‘ಡಯಟ್’ ಎಂದು ಹುಡುಕುವವರು, ಜಿಮ್‌ಗೆ ಹೋಗುವವರು, ಗುರಿ ಈಡೇರಿಸುತ್ತೇನೆಂದು ತಮಗೆ ತಾವೇ ಕರಾರು ಬರೆದುಕೊಳ್ಳುವವರು ಎಲ್ಲರ ಸಂಖ್ಯೆಯೂ ವಾರದ, ತಿಂಗಳ, ವರ್ಷದ ಆರಂಭದಲ್ಲಿ ಮೇಲೇರುತ್ತದಂತೆ. ಜಿಮ್ಮಿನ ಲೆಕ್ಕದಲ್ಲಿ ಹುಟ್ಟುಹಬ್ಬದ ನಂತರವೂ ಹಾಗೇ. ಹೊಸ ದಿನಾಂಕವೊಂದು ಬಂದಾಗ ಹಳೆಯ ಸೋಲುಗಳೆಲ್ಲ ಹಿಂದಿನ ಪುಟದ ಯಾರದ್ದೋ ಸೋಲುಗಳು ಎನ್ನಿಸಿಬಿಡುತ್ತವೆ. ಇವರು ಇದಕ್ಕೆ ಕೊಟ್ಟ ವಿವರಣೆ ಹೆಚ್ಚುಕಡಿಮೆ ಇದೇ.

ಹಾಗೆ ನೋಡಿದರೆ ಜನವರಿ ಒಂದಕ್ಕೆ ತನ್ನದೇ ಆದ ಯಾವ ಮಹಿಮೆಯೂ ಇಲ್ಲ. ಕ್ರಿಸ್ತಪೂರ್ವ 153ರಿಂದ ರೋಮಿನ ಕಾನ್ಸಲ್‌ಗಳೆಂಬ ಮುಖ್ಯ ಅಧಿಕಾರಿಗಳು ಆ ದಿನ ಅಧಿಕಾರ ವಹಿಸಿಕೊಳ್ಳತೊಡಗಿದರು, ಅಷ್ಟೇ. ಇಂಗ್ಲೆಂಡಿನಲ್ಲಂತೂ 1752ಕ್ಕೆ ಮುಂಚೆ ಕಾಗದಪತ್ರಗಳ ಮಟ್ಟಿಗೆ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಅಧಿಕಾರಿಗಳ ಅನುಕೂಲಕ್ಕೆ ಇಟ್ಟ ಮುಹೂರ್ತದಲ್ಲಿ ನಾನು ಬೆಳಗಿನ ಐದೂವರೆಗೆ ಅಲಾರಾಂ ಇಟ್ಟುಕೊಳ್ಳುತ್ತಿದ್ದೇನೆ. ಆದರೂ ಆ ತಾರೀಕು ಕೆಲಸ ಮಾಡುತ್ತದಲ್ಲ! ನನಗನ್ನಿಸುವುದು, ತಾರೀಕಿಗಿಂತ ಹೆಚ್ಚಾಗಿ ಕೆಲಸ ಮಾಡುವುದು ಅದರ ಸುತ್ತ ಸೇರುವ ಜನ. ಶುರುವಿಗೆ ಸಾಕ್ಷಿಗಳಿರುತ್ತಾರೆ. ಆಫೀಸಿನಲ್ಲಿ ಹೇಳಿರುತ್ತೇವೆ, ಸಾಮಾನು ಕೊಂಡಿರುತ್ತೇವೆ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಚಂದದ ಅಕ್ಷರದಲ್ಲಿ ಬರೆದಿರುತ್ತೇವೆ. ನಿಲ್ಲುವುದಕ್ಕೆ ಯಾರೂ ಬರುವುದಿಲ್ಲ. ‘ಇವತ್ತಿಗೆ ಓಡುವುದು ಬಿಟ್ಟೆ’ ಎಂದು ಸ್ಟೇಟಸ್ ಹಾಕಿದವರನ್ನು ನಾನಂತೂ ನೋಡಿಲ್ಲ.

ಕೊಳಲು

ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೊಳಲು. ವರ್ಷದ ಮೊದಲ ವಾರದಲ್ಲೇ ಶುರುಮಾಡಿದ್ದೆ. ಮೊದಲ ಕೆಲವು ವಾರ ಬರೀ ಗಾಳಿ. ವಿಡಿಯೋ ಕ್ಲಾಸಿನ ಮೇಷ್ಟ್ರು ತಾಳ್ಮೆಯಿಂದ, ‘ಊದಬೇಡಿ ಮೇಡಂ, ಸುಮ್ಮನೆ ಗಾಳಿ ಬಿಡಿ’ ಅನ್ನುತ್ತಿದ್ದರು. ಇವೆರಡಕ್ಕೂ ಇರುವ ವ್ಯತ್ಯಾಸ ಬಾಯಲ್ಲಿ ಹೇಳಿದರೆ ಅರ್ಥವಾಗುವಂಥದ್ದಲ್ಲ. ಕೊಳಲನ್ನು ತುಟಿಯ ಮೇಲೆ ಕೂದಲೆಳೆಯಷ್ಟು ಒಳಗೆ ತಿರುಗಿಸಿದರೆ ಶಬ್ದ ಉಸಿರುಗಟ್ಟುತ್ತದೆ, ಕೂದಲೆಳೆಯಷ್ಟು ಹೊರಗೆ ತಿರುಗಿಸಿದರೆ ಬರೀ ಸುಯ್ ಎನ್ನುತ್ತದೆ. ಎಲ್ಲ ತೂತುಗಳನ್ನೂ ಮುಚ್ಚಿ ಊದಿದಾಗ ಬರಬೇಕಾದ ಕೆಳಗಿನ ಸ್ವರವಂತೂ ನನ್ನ ಬಲಗೈಯ ಉಂಗುರಬೆರಳಿಗೆ ಹಗೆ ಸಾಧಿಸುತ್ತಿತ್ತು. ಬೆರಳು ಮುಚ್ಚಿದೆ ಎಂದು ನನಗನ್ನಿಸಿದರೂ ಅದರ ಅಂಚಿನಲ್ಲೆಲ್ಲೋ ಗಾಳಿ ಸೋರಿ ಸ್ವರ ಒಡೆಯುತ್ತಿತ್ತು. ಬೆರಳಿನ ತುದಿಯಿಂದ ಮುಚ್ಚಬಾರದು, ಮೆತ್ತಗಿನ ಭಾಗದಿಂದ ಮುಚ್ಚಬೇಕು ಎಂದು ಮೇಷ್ಟ್ರು ತಮ್ಮ ಬೆರಳನ್ನು ಕ್ಯಾಮೆರಾದ ಹತ್ತಿರ ಹಿಡಿದು ತೋರಿಸಿದ್ದರು. ಅವರ ಬೆರಳ ಮೆತ್ತೆಯಲ್ಲಿ ತೂತಿನ ಅಚ್ಚು ಉಂಗುರದಂತೆ ಮೂಡಿತ್ತು. ಅಭ್ಯಾಸ ಮುಗಿಸಿ ಎದ್ದಾಗೆಲ್ಲ ನನ್ನ ಬೆರಳಲ್ಲೂ ಆ ಅಚ್ಚು ಇದೆಯಾ ಎಂದು ದೀಪದ ಕೆಳಗೆ ಹಿಡಿದು ನೋಡುತ್ತಿದ್ದೆ. ಫೆಬ್ರವರಿಯ ಒಂದು ರಾತ್ರಿ ಆ ಕೆಳಗಿನ ಸ್ವರ ಇದ್ದಕ್ಕಿದ್ದಂತೆ ಇಡಿಯಾಗಿ ಬಂತು. ಉಸಿರು ಮುಗಿಯುವವರೆಗೂ ಹಿಡಿದುಕೊಂಡೆ. ಪಕ್ಕದ ಕೋಣೆಯಿಂದ ಮಗಳು, ‘ಅಮ್ಮಾ, ಅದು ನೀನಾ ಮೊಬೈಲಾ?’ ಎಂದು ಕೂಗಿದಳು. ಆ ವರ್ಷ ನನಗೆ ಸಿಕ್ಕ ದೊಡ್ಡ ಬಿರುದು ಅದು.

ಆಮೇಲೆ ಆಫೀಸಿನಲ್ಲಿ ಆಡಿಟ್ ಬಂತು, ಒಂದು ವಾರ ಬಿಡುವಾಗಲಿಲ್ಲ. ಮತ್ತೆ ಹಿಡಿದೆ. ನೆಗಡಿ ಬಂತು, ಮೂಗು ಕಟ್ಟಿದಾಗ ಕೊಳಲು ಊದುವುದು ಆಗದ ಮಾತು. ಮತ್ತೆ ಹಿಡಿದೆ, ಆದರೆ ದಿನ ಬಿಟ್ಟು ದಿನ. ಮನೆಗೆ ನೆಂಟರು ಬಂದರು, ಮಕ್ಕಳ ಕೈಗೆ ಸಿಗದಿರಲಿ ಎಂದು ಕೊಳಲನ್ನು ಬೀರುವಿನ ಮೇಲಿಟ್ಟೆ. ನೆಂಟರು ಹೋದರು. ಇವುಗಳಲ್ಲಿ ಯಾವುದು ನಿಂತ ದಿನ? ಆಡಿಟ್ಟಿನ ವಾರ ಅಲ್ಲ. ನೆಗಡಿಯ ವಾರವೂ ಅಲ್ಲ. ಬೀರುವಿನ ಮೇಲಿಟ್ಟ ದಿನ ಅಂತ ಹೇಳೋಣವೆಂದರೆ ಆವತ್ತು ನಾನು ಇಟ್ಟದ್ದು ತೆಗೆಯುವುದಕ್ಕಾಗಿಯೇ. ಅದಾದ ಮೇಲೂ ಎಷ್ಟೋ ದಿನ ನಾನು ಕೊಳಲು ಕಲಿಯುತ್ತಿರುವವಳೇ ಆಗಿದ್ದೆ. ನವೆಂಬರಿನಲ್ಲಿ ಸಹೋದ್ಯೋಗಿಯೊಬ್ಬರು, ‘ಕೊಳಲು ಎಲ್ಲಿಗೆ ಬಂತ್ರೀ?’ ಎಂದು ಕೇಳಿದಾಗ, ‘ನಡೀತಿದೆ, ಸ್ವಲ್ಪ ಗ್ಯಾಪ್ ಆಗಿದೆ ಅಷ್ಟೇ’ ಎಂದಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಒಂದಿಷ್ಟೂ ಅನ್ನಿಸಿರಲಿಲ್ಲ. ಆ ಹೊತ್ತಿಗೆ ಗ್ಯಾಪು ಕಲಿಕೆಗಿಂತ ಉದ್ದವಾಗಿತ್ತು.

ಗ್ರೀಕರಲ್ಲಿ ಇದಕ್ಕೊಂದು ಹಳೆಯ ಒಗಟಿದೆ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಮಿಲೆಟಸ್‌ನ ಯೂಬುಲೈಡಿಸ್ ಕೇಳಿದ್ದು ಎನ್ನುತ್ತಾರೆ. ಕಾಳಿನ ರಾಶಿಯಿಂದ ಒಂದು ಕಾಳು ತೆಗೆದರೆ ರಾಶಿ ರಾಶಿಯೇ. ಇನ್ನೊಂದು ತೆಗೆದರೂ ರಾಶಿಯೇ. ಹೀಗೇ ತೆಗೆಯುತ್ತ ಹೋದರೆ ಯಾವ ಕಾಳು ತೆಗೆದಾಗ ಅದು ರಾಶಿಯಾಗಿರುವುದು ನಿಲ್ಲುತ್ತದೆ? ಕಾಲೇಜಿನಲ್ಲಿ ಇದನ್ನು ಮೊದಲು ಕೇಳಿದಾಗ ಕೆಲಸವಿಲ್ಲದವರ ತರ್ಕ ಎಂದು ನಕ್ಕಿದ್ದೆ. ಈಗ ನೋಡಿದರೆ ನನ್ನ ಕೊಳಲಿನ ಕಥೆ ಅಕ್ಷರಶಃ ಅದೇ. ಒಂದು ದಿನ ತಪ್ಪಿದರೆ ಬಿಟ್ಟಂತಲ್ಲ, ಎರಡು ದಿನ ತಪ್ಪಿದರೂ ಅಲ್ಲ.

ತಮಾಷೆಯೆಂದರೆ ವಿಜ್ಞಾನವೂ ಇದನ್ನೇ ಹೇಳುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ, ಹೊಸ ಅಭ್ಯಾಸವೊಂದು ತಂತಾನೇ ನಡೆಯುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕು ಎಂದು ಲೆಕ್ಕ ಹಾಕಿದರು. 21 ದಿನ ಎಂದು ಎಲ್ಲ ಕಡೆ ಓಡಾಡುವ ಮಾತಿಗಿಂತ ಇದು ಎಷ್ಟೋ ವಾಸಿ. ಆದರೆ ಈ 66 ಕೂಡ ಈಗ ಮಂತ್ರವಾಗಿಬಿಟ್ಟಿದೆ. ಅದೇ ಅಧ್ಯಯನದಲ್ಲಿ ವ್ಯತ್ಯಾಸ 18 ದಿನದಿಂದ 254 ದಿನದವರೆಗೂ ಇತ್ತು, ಅದರಲ್ಲೂ 254 ಎಂಬುದು ಗಮನಿಸಿದ ಅವಧಿಯನ್ನು ದಾಟಿದ ಅಂದಾಜು ಎಂಬುದನ್ನು ಯಾರೂ ಹೇಳುವುದಿಲ್ಲ. ಅದಿರಲಿ. ಅವರಿಗೆ ಕಂಡ ಇನ್ನೊಂದು ಸಂಗತಿ, ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳುವುದಿಲ್ಲ ಎಂಬುದು. ಅದಕ್ಕೂ ಹಿಂದೆ, 1980ರ ದಶಕದಲ್ಲಿ ಅಮೆರಿಕದ ಜಾನ್ ನಾರ್ಕ್ರಾಸ್ ಹೊಸವರ್ಷದ ಸಂಕಲ್ಪ ಮಾಡಿದ 200 ಜನರನ್ನು ಎರಡು ವರ್ಷ ಬೆನ್ನುಹತ್ತಿದ್ದರು. ಒಂದು ವಾರ ದಾಟಿದವರು ಶೇಕಡಾ 77, ಎರಡು ವರ್ಷ ಉಳಿಸಿಕೊಂಡವರು ಶೇಕಡಾ 19. ಉಳಿಸಿಕೊಂಡವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಎಡವಿದ್ದರು. ಎಡವಿದ್ದು ಸರಾಸರಿ 14 ಸಲ. ಅಂದರೆ ಗೆದ್ದವರ ಕ್ಯಾಲೆಂಡರಿನಲ್ಲೂ ನನ್ನ ಕ್ಯಾಲೆಂಡರಿನಲ್ಲೂ ಇರುವುದು ಒಂದೇ ಥರದ ಖಾಲಿ ಚೌಕಗಳು. ಖಾಲಿ ಚೌಕ ನೋಡಿ ಇದು ಎಡವಿದ್ದೋ ನಿಂತದ್ದೋ ಎಂದು ಆವತ್ತೇ ಹೇಳಲು ಬರುವುದಿಲ್ಲ. ಅದು ಗೊತ್ತಾಗುವುದು ಮುಂದಿನ ಚೌಕಗಳಿಂದ.

ಕೆಲವರು ಬಿಡುವುದು ಬೇರೆ ಥರ. ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ 1975ರಲ್ಲಿ ಮಾಡಿದ ಪ್ರಯೋಗವೊಂದಿದೆ: ತಿನ್ನುವುದರಲ್ಲಿ ಹಿಡಿತ ಇಟ್ಟುಕೊಂಡವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಮ್ ಮುಂದಿಟ್ಟರೆ, ಮಿಲ್ಕ್‌ಶೇಕ್ ಕುಡಿಯದಿದ್ದವರಿಗಿಂತ ಹೆಚ್ಚು ತಿಂದರು. ಹೇಗೂ ವ್ರತ ಕೆಟ್ಟಿತು, ಇನ್ನೇನು ಎಂಬ ಲೆಕ್ಕ. ಹಾಗೆ ‘ಹಾಳಾಗಿ ಹೋಗಲಿ’ ಎನ್ನುವವರಿಗೆ ಕನಿಷ್ಠ ಒಂದು ದಿನವಾದರೂ ಸಿಗುತ್ತದೆ. ಮಿಲ್ಕ್‌ಶೇಕ್ ಕುಡಿದ ದಿನ. ನನ್ನ ಬಾಯಲ್ಲಿ ಅಂಥ ಮಾತು ಒಮ್ಮೆಯೂ ಬಂದಿರಲಿಲ್ಲ. ನನ್ನ ಮಾತು ‘ನಾಳೆ’.

ತೂತುಬಿದ್ದ ಪುಟಗಳು

ಸ್ವಸುಧಾರಣೆಯ ಪಟ್ಟಿಗಳ ಮಾತು ಬಂದಾಗ ಹದಿನೆಂಟನೇ ಶತಮಾನದ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರು ಬಂದೇ ಬರುತ್ತದೆ. ಇಪ್ಪತ್ತರ ಹರೆಯದಲ್ಲಿ ಆತ 13 ಸದ್ಗುಣಗಳ ಪಟ್ಟಿ ಮಾಡಿದ. ವಾರಕ್ಕೊಂದು ಗುಣದ ಮೇಲೆ ಕಣ್ಣು; 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ಸರಿಯಾಗಿ ನಾಲ್ಕು ಸುತ್ತು. ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ತಪ್ಪಿದ ದಿನ ಕಪ್ಪು ಚುಕ್ಕೆ ಇಡುವುದು. ಪ್ರೇರಣೆ ಕೊಡುವ ಭಾಷಣಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ಎಪ್ಪತ್ತೆಂಟು ದಾಟಿದ ಮೇಲೆ ಆತ್ಮಕಥೆಯಲ್ಲಿ ಇದನ್ನು ಬರೆಯುವಾಗ ಆತ ಹೇಳುವ ಉಳಿದ ವಿವರಗಳು ನನಗೆ ಹೆಚ್ಚು ಇಷ್ಟ. ಹೊಸ ಸುತ್ತಿಗಾಗಿ ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಪುಟಗಳು ತೂತುಬಿದ್ದವಂತೆ. ಆಮೇಲೆ ದಂತದ ಹಾಳೆಗಳಿರುವ ಟಿಪ್ಪಣಿ ಪುಸ್ತಕಕ್ಕೆ ಗೆರೆಗಳನ್ನು ಇಳಿಸಿಕೊಂಡು, ಸೀಸದ ಕಡ್ಡಿಯಲ್ಲಿ ಚುಕ್ಕೆ ಇಟ್ಟು, ಒದ್ದೆ ಸ್ಪಂಜಿನಿಂದ ಒರೆಸತೊಡಗಿದನಂತೆ. ಅಚ್ಚುಕಟ್ಟುತನ ಎಂಬ ಗುಣವಂತೂ ಕೊನೆವರೆಗೂ ಕೈಗೆ ಹತ್ತಲಿಲ್ಲವಂತೆ. ಕೊಡಲಿಯ ಮೈಯೆಲ್ಲ ಅದರ ಅಂಚಿನಷ್ಟೇ ಹೊಳೆಯಬೇಕು ಎಂದು ಕಮ್ಮಾರನಲ್ಲಿ ಹೋದವನೊಬ್ಬ, ಸಾಣೆಗಲ್ಲಿನ ಚಕ್ರ ತಿರುಗಿಸಿ ತಿರುಗಿಸಿ ಸುಸ್ತಾಗಿ, ‘ನನಗೆ ಚುಕ್ಕೆ ಚುಕ್ಕೆ ಇರುವ ಕೊಡಲಿಯೇ ಇಷ್ಟ’ ಎಂದು ಎತ್ತಿಕೊಂಡು ಹೋದ ಕಥೆಯನ್ನು ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಾನೆ.

ನನ್ನ ಕಣ್ಣು ನಿಂತದ್ದು ಮಾತ್ರ ನಡುವಿನ ಒಂದು ವಾಕ್ಯದ ಮೇಲೆ. ಸ್ವಲ್ಪ ಕಾಲದ ನಂತರ ವರ್ಷಕ್ಕೆ ಒಂದೇ ಸುತ್ತು ಮಾಡುತ್ತಿದ್ದೆ, ಆಮೇಲೆ ಹಲವು ವರ್ಷಕ್ಕೊಂದು, ಕೊನೆಗೆ ಪ್ರಯಾಣ, ವ್ಯವಹಾರಗಳ ನಡುವೆ ಪೂರ್ತಿ ಬಿಟ್ಟೇಹೋಯಿತು, ಪುಸ್ತಕ ಮಾತ್ರ ಸದಾ ಜೊತೆಗಿಟ್ಟುಕೊಂಡಿರುತ್ತಿದ್ದೆ ಎನ್ನುತ್ತಾನೆ. ದಿನಕ್ಕೊಂದು ಚುಕ್ಕೆ ಇಟ್ಟು ಲೆಕ್ಕ ಬರೆದ ಮನುಷ್ಯನಿಗೂ ನಿಂತ ದಿನ ಗೊತ್ತಿಲ್ಲ! ಪುಸ್ತಕ ಚೀಲದಲ್ಲಿತ್ತು. ಚೀಲದಲ್ಲಿದ್ದದ್ದಕ್ಕೇ ನಿಂತದ್ದು ಗೊತ್ತಾಗಲಿಲ್ಲವೇನೋ. ಕೈಗೆಟುಕುವಷ್ಟು ಹತ್ತಿರ ಇರುವ ವಸ್ತುವನ್ನು ಬಿಟ್ಟಿದ್ದೇವೆ ಎಂದು ಯಾರು ಒಪ್ಪುತ್ತಾರೆ?

ಹಾಜರಿ

ಪಟ್ಟಿಯಲ್ಲಿ ಪೂರ್ತಿ ಟಿಕ್ ಬಿದ್ದವುಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ತಿಂಗಳಿಗೆರಡು ಪುಸ್ತಕ ಓದುವ ಗುರಿ ಡಿಸೆಂಬರ್ ಶುರುವಿನಲ್ಲೇ ಮುಗಿಯಿತು, ಮುಗಿದ ಮೇಲೆ ವರ್ಷದ ಕೊನೆವರೆಗೂ ಒಂದು ಪುಟವನ್ನೂ ಓದಲಿಲ್ಲ. ಜಾರ್ಡನ್ ಎಟ್ಕಿನ್ ಎಂಬ ಸಂಶೋಧಕಿ 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಎಷ್ಟು ಮಾಡಿದೆವು ಎಂದು ಎಣಿಸಿಕೊಂಡವರು ಹೆಚ್ಚು ಮಾಡಿದರು, ಆದರೆ ಅದರಿಂದ ಅವರಿಗೆ ಸಿಕ್ಕ ಖುಷಿ ಕಡಿಮೆಯಾಯಿತು. ಓದು, ನಡಿಗೆ, ಬಣ್ಣ ತುಂಬುವುದು, ಎಲ್ಲದರಲ್ಲೂ. ನನಗೆ ಆ ಪ್ರಯೋಗದ ಅಗತ್ಯವಿರಲಿಲ್ಲ. ಮಲಗುವ ಕೋಣೆಗೆ ಮೊಬೈಲ್ ಒಯ್ಯದಿರುವ ಗುರಿಯೂ ಉಳಿದುಕೊಂಡಿದೆ. ಅದು ನನ್ನ ಸಂಕಲ್ಪಬಲದಿಂದಲ್ಲ, ಕೋಣೆಯಲ್ಲಿದ್ದ ಒಂದೇ ಪ್ಲಗ್ ಪಾಯಿಂಟು ಕೆಟ್ಟದ್ದರಿಂದ. ಇವತ್ತಿಗೂ ರಿಪೇರಿ ಮಾಡಿಸಿಲ್ಲ, ಮಾಡಿಸುವುದೂ ಇಲ್ಲ.

ಆದರೆ ಚಿಕ್ಕಮ್ಮನ ವಿಷಯ ಹೇಳಬೇಕು. ಅಮ್ಮ ಹೋದ ಮೇಲೆ ನನಗೆ ಉಳಿದಿರುವ ಹಿರಿಯರು ಅವರೊಬ್ಬರೇ. ಪ್ರತಿ ಭಾನುವಾರ ಅವರಿಗೆ ಫೋನ್ ಮಾಡಬೇಕು ಎಂದು ಬರೆದಿಟ್ಟುಕೊಂಡಿದ್ದೆ, ಮಾಡುತ್ತಲೂ ಇದ್ದೆ. ಬೆಳಿಗ್ಗೆ ಹತ್ತೂವರೆಗೆ ಮೊಬೈಲಿನಲ್ಲಿ ರಿಮೈಂಡರ್ ಟಿಂಗ್ ಎನ್ನುತ್ತಿತ್ತು, ಮುಂದಿನ ನಿಮಿಷದಲ್ಲಿ ಅವರ ಫೋನು ರಿಂಗಾಗುತ್ತಿತ್ತು. ಆರೋಗ್ಯ, ಮಾತ್ರೆ, ಮಂಡಿನೋವು, ಮೊಮ್ಮಗನ ಪರೀಕ್ಷೆ, ಮತ್ತೇನು ಸಮಾಚಾರ, ಸರಿ ಚಿಕ್ಕಮ್ಮ ಇಡ್ಲಾ. ಆಗಸ್ಟಿನ ಒಂದು ಭಾನುವಾರ ಅವರು ‘ಹಲೋ’ ಅನ್ನುವ ಬದಲು, ‘ಹೂಂ, ಹತ್ತೂವರೆ ಆಯ್ತು ಅಂತ ಗೊತ್ತಾಯ್ತು’ ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

‘ಅಲ್ಲ ಕಣೇ, ನೀನು ನಂಗೆ ಫೋನ್ ಮಾಡ್ತೀಯೋ, ಹಾಜರಿ ಹಾಕ್ತೀಯೋ?’

‘ಹಾಗ್ಯಾಕಂತೀರಿ ಚಿಕ್ಕಮ್ಮ, ಮರೀಬಾರ್ದು ಅಂತ ತಾನೇ...’

‘ಮರೀಬಾರ್ದು ಅಂತ ಮಾಡೋದು ಕರೆಂಟ್ ಬಿಲ್ಲಿಗೆ. ನಾನೇನು ಬಿಲ್ಲಾ? ನೋಡು, ನಾನೂ ನಲವತ್ತು ವರ್ಷ ಮೇಷ್ಟರಿಕೆ ಮಾಡಿದೋಳು. ಹಾಜರಿ ಕೂಗುವಾಗ ‘ಬಂದೆ ಮಿಸ್’ ಅಂತ ಕೂಗಿ ಕಿಟಕಿ ಹೊರಗೆ ನೋಡೋ ಮಕ್ಕಳು ನಂಗೆ ಗೊತ್ತಾಗಲ್ವಾ? ಇನ್ನು ವಾರ ವಾರ ಮಾಡ್ಬೇಡ. ಏನಾದ್ರೂ ಹೇಳೋದಿದ್ದಾಗ ಮಾಡು. ಇಲ್ಲಾ ಕೇಳೋದಿದ್ದಾಗ ಮಾಡು. ನಂಗೂ ಬೇಕಾದಾಗ ನಾನೇ ಮಾಡ್ತೀನಿ, ನಂಗೂ ಫೋನಿದೆ.’

ಹೀಗೆ ಪಟ್ಟಿಯ ಒಂದು ಗುರಿಗೆ ಅಧಿಕೃತವಾಗಿ ಮುಕ್ತಾಯ ಸಿಕ್ಕಿತು. ಎರಡನೇ ಕಾಲಂನಲ್ಲಿ ಪೆನ್ನಿನಲ್ಲಿ ಬರೆಯಬಹುದಾದ ದಿನಾಂಕ. ಇದರ ಎದುರು ಟಿಕ್ಕು ಹಾಕಬೇಕೋ ಇಂಟು ಹಾಕಬೇಕೋ ಇವತ್ತಿಗೂ ತೀರ್ಮಾನವಾಗಿಲ್ಲ. ಆಗಸ್ಟಿನಿಂದ ಈಚೆಗೆ ನಾವು ಮಾತಾಡುವುದು ಖಂಡಿತ ಕಡಿಮೆಯಾಗಿದೆ. ನಡುವೆ ಮೂರು ನಾಲ್ಕು ವಾರ ಸದ್ದೇ ಇರುವುದಿಲ್ಲ. ಆಮೇಲೆ ಯಾವುದೋ ಮಧ್ಯಾಹ್ನ, ಮೀಟಿಂಗಿನ ನಡುವೆ ಅವರ ಹೆಸರು ಮಿನುಗುತ್ತದೆ: ನಿಮ್ಮಮ್ಮ ಹಸಿರು ಸೀರೆ ಉಟ್ಟ ಫೋಟೋ ನಿನ್ ಹತ್ರ ಇದೆಯಾ, ಅದು ಯಾರ ಮದುವೇದು ಹೇಳು ನೋಡೋಣ. ಆ ಫೋಟೋದ ಹಿಂದೆ ಹೋದ ಮಾತು, ಅಮ್ಮ ಕಾಲೇಜು ಬಿಟ್ಟ ಕಾರಣದವರೆಗೂ ಹೋಯಿತು. ನನಗೆ ಇಷ್ಟು ವಯಸ್ಸಾಗುವವರೆಗೂ ಯಾರೂ ಹೇಳಿರದ ಕಾರಣ. ಅದು ಇಲ್ಲಿ ಬೇಡ. ಭಾನುವಾರದ ಹತ್ತೂವರೆಯ ಫೋನಿನಲ್ಲಿ ಅದು ಬರುತ್ತಿರಲಿಲ್ಲ ಎಂದಷ್ಟೇ ಹೇಳಬಲ್ಲೆ. ಆದರೂ, ಭಾನುವಾರಗಳ ಆ ಒಣ ಫೋನುಗಳಿಲ್ಲದೆ ಹೋಗಿದ್ದರೆ ಅವರು ಅಷ್ಟು ಸಲಿಗೆಯಿಂದ ಗದರುತ್ತಿದ್ದರೋ ಇಲ್ಲವೋ. ಇದನ್ನು ಯೋಚಿಸಿದಾಗೆಲ್ಲ ಟಿಕ್ಕಿನ ಕಡೆಗೆ ವಾಲುತ್ತೇನೆ.

ಬೇಕೆಂದೇ ಬಿಟ್ಟದ್ದು

ನಿಂತ ದಿನ ಗೊತ್ತಿರುವ ಇನ್ನೊಂದು ಗುರಿ ಫ್ರೆಂಚ್. ಆಫೀಸಿನಲ್ಲಿ ಹೊಸ ಪ್ರಾಜೆಕ್ಟ್ ಬರುತ್ತದೆ, ಅದಕ್ಕೆ ಫ್ರೆಂಚ್ ಬಂದರೆ ಅನುಕೂಲ ಎಂಬ ಸುದ್ದಿಯ ಮೇಲೆ ಮೊಬೈಲ್ ಆ್ಯಪಿನಲ್ಲಿ ಶುರುಮಾಡಿದ್ದು. ಪ್ರಾಜೆಕ್ಟ್ ಬೇರೆ ತಂಡಕ್ಕೆ ಹೋಯಿತು. ಆಮೇಲೂ ನಾನು ತಿಂಗಳುಗಟ್ಟಲೆ ಬಿಡಲಿಲ್ಲ. ಸತತ ಎಷ್ಟು ದಿನವಾಯಿತು ಎಂದು ತೋರಿಸುವ ಬೆಂಕಿಯ ಗುರುತು ಆರಬಾರದು ಎಂಬ ಒಂದೇ ಕಾರಣಕ್ಕೆ ರಾತ್ರಿ ಹನ್ನೊಂದು ಐವತ್ತಕ್ಕೆ ಕಣ್ಣು ಮುಚ್ಚುತ್ತ, ‘ಹುಡುಗ ಸೇಬು ತಿನ್ನುತ್ತಾನೆ’ ಎಂಬ ಮಟ್ಟದ ವಾಕ್ಯವನ್ನು ಒತ್ತಿ ಮಲಗುತ್ತಿದ್ದೆ. ಅಕ್ಟೋಬರಿನ ಒಂದು ಮಂಗಳವಾರ ಊಟದ ಬಿಡುವಿನಲ್ಲಿ ಕೂತು ಯೋಚಿಸಿದೆ. ಈ ಭಾಷೆ ನನಗೆ ಈಗ ಬೇಕಾ? ಬೇಡ. ಮುಂದಿನ ವರ್ಷ? ಗೊತ್ತಿರುವ ಮಟ್ಟಿಗೆ ಬೇಡ. ಆ್ಯಪ್ ಅಳಿಸಿದೆ. ‘ಖಂಡಿತಾನಾ?’ ಎಂದು ಅದು ಎರಡೆರಡು ಸಲ ಕೇಳಿತು. ಖಂಡಿತ.

ಇಲ್ಲಿ ವಿಚಿತ್ರವೆಂದರೆ ಫ್ರೆಂಚಿನ ಬಗ್ಗೆ ಆಮೇಲೆ ನನಗೆ ಒಂದು ಕ್ಷಣವೂ ಪಿಚ್ಚೆನ್ನಿಸಲಿಲ್ಲ. ಕೊಳಲಿಗಿಂತ ಎಷ್ಟೋ ಹೆಚ್ಚು ದಿನ ಮಾಡಿದ್ದು ಅದು. ಬಿಟ್ಟದ್ದು ಬಿಟ್ಟ ಹಾಗೇ ಆಯಿತು, ತಲೆಯಲ್ಲಿ ಜಾಗ ಖಾಲಿಯಾಯಿತು. ಕೊಳಲು ಹಾಗಲ್ಲ, ಬೀರು ತೆಗೆದಾಗೆಲ್ಲ ಚುಚ್ಚುತ್ತದೆ. ಮನಃಶಾಸ್ತ್ರಜ್ಞರು ಇದನ್ನೂ ಬಿಟ್ಟಿಲ್ಲ. ಕಾರ್ಸ್ಟನ್ ರೋಶ್ ಮತ್ತು ಸಂಗಡಿಗರು 2003ರಿಂದ ಈಚೆಗೆ ತೋರಿಸುತ್ತ ಬಂದಿರುವುದೇನೆಂದರೆ, ಕೈಗೆಟುಕದ ಗುರಿಯನ್ನು ಬಿಟ್ಟು ಬೇರೊಂದನ್ನು ಹಿಡಿಯಬಲ್ಲವರು ಹೆಚ್ಚು ನೆಮ್ಮದಿಯಿಂದ ಇರುತ್ತಾರೆ. 2011ರಲ್ಲಿ ಮಸಿಕಾಂಪೋ ಮತ್ತು ಬಾಮೈಸ್ಟರ್ ಇನ್ನೂ ಸ್ವಾರಸ್ಯದ್ದನ್ನು ಕಂಡುಕೊಂಡರು: ಮುಗಿಯದ ಕೆಲಸ ಮನಸ್ಸಿನಲ್ಲಿ ನುಗ್ಗಿ ಬೇರೆ ಕೆಲಸ ಕೆಡಿಸುತ್ತದೆ ಸರಿ, ಆದರೆ ಅದನ್ನು ಯಾವಾಗ ಹೇಗೆ ಮಾಡುತ್ತೇನೆ ಎಂದು ನಿಖರವಾಗಿ ಬರೆದಿಟ್ಟರೆ ಸಾಕು, ಕೆಲಸ ಮುಗಿಯದಿದ್ದರೂ ಕಾಟ ನಿಲ್ಲುತ್ತದೆ. ಮನಸ್ಸಿಗೆ ಬೇಕಾದದ್ದು ಮುಕ್ತಾಯವೇ ಆಗಬೇಕೆಂದಿಲ್ಲ, ತೀರ್ಮಾನ ಸಾಕು. ನಾನು ಕೊಳಲಿಗೆ ತೀರ್ಮಾನವನ್ನೇ ಕೊಟ್ಟಿರಲಿಲ್ಲ. ‘ಸೋತೆ’ ಎಂದು ಬರೆದಿದ್ದರೂ ಅದು ಸುಮ್ಮನಾಗುತ್ತಿತ್ತೋ ಏನೋ. ನಾನು ಪ್ರತಿ ವರ್ಷದ ಕೊನೆಗೆ ಹಾಕುವ ಇಂಟುಗಳಲ್ಲಿ ಹೆಚ್ಚಿನವು ಸೋಲಿನ ಗುರುತುಗಳಲ್ಲ, ತೀರ್ಮಾನವಾಗದ ಕೇಸುಗಳು. ಅವೇ ಮುಂದಿನ ವರ್ಷದ ಪಟ್ಟಿಗೆ ಹೊಸ ಅಕ್ಷರದಲ್ಲಿ ದಾಟಿಕೊಳ್ಳುತ್ತವೆ. ಬೆಳಗಿನ ಓಟ ನನ್ನ ಪಟ್ಟಿಗಳಲ್ಲಿ ಎಷ್ಟನೇ ವರ್ಷ ಬರುತ್ತಿದೆ ಎಂದು ಎಣಿಸುವ ಧೈರ್ಯ ನನಗಿಲ್ಲ.

ಈ ವರ್ಷದ ಕಾಲಂ

ಹಾಗಾಗಿ ಈ ವರ್ಷದ ಪಟ್ಟಿಯಲ್ಲಿ ಎರಡನೇ ಕಾಲಂ ಮೊದಲೇ ತುಂಬಿದ್ದೇನೆ. ಪ್ರತಿ ಗುರಿಗೂ ಒಂದು ತೀರ್ಮಾನದ ದಿನ. ಆ ದಿನ ಕೂತು, ಮುಂದುವರಿಸುವುದೋ ಬಿಡುವುದೋ ಎಂದು ಬಾಯಿಬಿಟ್ಟು ಹೇಳಬೇಕು. ಐಡಿಯಾ ನನ್ನದಲ್ಲ. ಎವರೆಸ್ಟ್ ಏರುವವರು ಶಿಖರದ ದಿನ ಇಂತಿಷ್ಟು ಗಂಟೆಗೆ ಎಲ್ಲಿದ್ದರೂ ಹಿಂತಿರುಗಬೇಕು ಎಂದು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಸಾಮಾನ್ಯವಾಗಿ ಮಧ್ಯಾಹ್ನ ಒಂದೋ ಎರಡೋ ಗಂಟೆ. ಮೇಲೆ ಹೋದಮೇಲೆ ಆಮ್ಲಜನಕ ಕಡಿಮೆಯಾಗಿ ಬುದ್ಧಿ ಮಂಕಾಗಿರುತ್ತದೆ, ಶಿಖರ ಕಣ್ಣೆದುರು ಕಾಣುತ್ತಿರುತ್ತದೆ, ಆಗ ಸರಿಯಾದ ತೀರ್ಮಾನ ಹೊಳೆಯುವುದಿಲ್ಲ ಎಂಬುದಕ್ಕೆ. 1996ರ ಮೇ 10ರಂದು ಹಲವರು ಎರಡು ಗಂಟೆ ದಾಟಿದ ಮೇಲೂ ಮೇಲೇರುತ್ತಲೇ ಇದ್ದರು. ಆ ಸಂಜೆಯ ಬಿರುಗಾಳಿಗೆ ಸಿಕ್ಕಿ ಪರ್ವತದ ಎರಡೂ ಬದಿ ಸೇರಿ ಎಂಟು ಮಂದಿ ಸತ್ತರು. ನನ್ನ ಗುರಿಗಳಲ್ಲಿ ಯಾರೂ ಸಾಯುವುದಿಲ್ಲ, ನಿಜ. ಹಾಗೆಂದೇ ಹಿಂತಿರುಗುವ ಹೊತ್ತು ಬರೆದಿಡುವ ಪ್ರಸಂಗ ನನಗೆ ಈವರೆಗೆ ಬಂದಿರಲಿಲ್ಲ.

ಗಂಡನಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ‘ಶುರು ಮಾಡೋಕೆ ಮುಂಚೇನೇ ಬಿಡೋ ದಿನ ಬರೆದಿಟ್ರೆ ಯಾರಿಗೆ ಮಾಡೋ ಮನಸ್ಸು ಬರುತ್ತೆ? ನೀನು ಆ ತಾರೀಕು ಬರೋದನ್ನೇ ಕಾಯ್ತಾ ಕೂರ್ತೀಯ ನೋಡು,’ ಎಂದರು. ಅವರ ಮಾತಲ್ಲಿ ಹುರುಳಿಲ್ಲದೇ ಇಲ್ಲ. ಕೆಲವು ಗುರಿಗಳ ಮುಂದೆ ಪೆನ್ನು ನಿಜಕ್ಕೂ ತಡೆಯಿತು. ಮೊಬೈಲಿನ ಪ್ಲಗ್ ಪಾಯಿಂಟಿನ ಮುಂದೆ ಯಾವ ತಾರೀಕೂ ಹಾಕಿಲ್ಲ. ಚಿಕ್ಕಮ್ಮ ಪಟ್ಟಿಯಲ್ಲೇ ಇಲ್ಲ. ಗೊತ್ತಾದರೆ ಮತ್ತೆ ಬೈಸಿಕೊಳ್ಳಬೇಕಾಗುತ್ತದೆ. ಓಟಕ್ಕೆ ಮಾರ್ಚ್ 31. ಅಷ್ಟರೊಳಗೆ ಅದು ಕಾಲಿಗೆ ಹತ್ತದಿದ್ದರೆ ನಾನು ನಡೆಯುವವಳು, ಓಡುವವಳಲ್ಲ ಎಂದು ಒಪ್ಪಿಕೊಂಡು, ಆ ಹೆಸರು ಇನ್ಯಾವ ವರ್ಷದ ಪಟ್ಟಿಗೂ ಬರದಂತೆ ಹೊಡೆದುಹಾಕುವುದು.

ಕೊಳಲಿಗೆ ಏಪ್ರಿಲ್‌ನ ಕೊನೆಯ ಶನಿವಾರ. ಇದಕ್ಕೊಬ್ಬ ಸಾಕ್ಷಿಯನ್ನೂ ಇಟ್ಟುಕೊಂಡಿದ್ದೇನೆ. ಕೆಳಗಿನ ಮನೆಯ ಹುಡುಗಿ ಏಳನೇ ಕ್ಲಾಸು, ಬಹಳ ದಿನದಿಂದ ಕೊಳಲು ಬೇಕೆಂದು ಅವರಮ್ಮನ ಹತ್ತಿರ ಹಟ ಮಾಡುತ್ತಿದ್ದಳು. ಏಪ್ರಿಲ್‌ನ ಆ ಶನಿವಾರ ನಾನು ಒಂದಾದರೂ ಸ್ವರದ ವರಸೆಯನ್ನು ತಡೆಯದೆ ನುಡಿಸದೇ ಹೋದರೆ ಕೊಳಲು ನಿನ್ನದು ಎಂದು ಮಾತು ಕೊಟ್ಟಿದ್ದೇನೆ. ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾಳಂತೆ. ಮೊನ್ನೆ ಮೆಟ್ಟಿಲ ಬಳಿ ಸಿಕ್ಕವಳು, ‘ಆಂಟಿ, ಪ್ರಾಕ್ಟೀಸ್ ಮಾಡ್ತಿದ್ದೀರಾ?’ ಎಂದು ಕೇಳಿದಳು. ಹೂಂ, ದಿನಾ ಮಾಡ್ತಿದ್ದೀನಿ ಅಂದೆ. ಅವಳ ಮುಖ ಸಪ್ಪಗಾಯಿತು.